ಅಡುಗೆಕೋಣೆ ಗೋಡೆಯ ಗೆರೆಗಳು

ಮೊರದಲ್ಲಿ ಅಕ್ಕಿ ಹರಡಿಕೊಂಡು ಕಲ್ಲು ಆರಿಸುತ್ತಿರುವ ಉಚ್ಚಂಗಮ್ಮನವರ ಕೈ ತಟ್ಟನೆ ನಿಲ್ಲುತ್ತದೆ. ಇನ್ನೂ ಏಳು ಗಂಟೆ. ಬಾಗಿಲಲ್ಲಿ ಸುಣ್ಣದ ಬಕೆಟ್ ಹಿಡಿದು ಸತೀಶ್ ಕುಮಾರ್ ನಿಂತಿದ್ದಾನೆ. ಶಾಲೆಯ ನೂರನೇ ವರ್ಷದ ಸಮಾರಂಭಕ್ಕೆ ನಾಲ್ಕೇ ದಿನ ಉಳಿದಿದೆ.

“ಪಾತ್ರೆ ಆಚೆ ಇಡ್ರಿ ಅಕ್ಕ. ಈ ಕೋಣೆಗೂ ಸುಣ್ಣ ಹೊಡಿಬೇಕಂತೆ.”

“ಮೂರು ಗೋಡೆ ಹೊಡಿಯಪ್ಪ. ಬಾಗಿಲ ಪಕ್ಕದ್ದು ಮುಟ್ಟಬ್ಯಾಡ.”

“ಟೀಚರು ನಾಲ್ಕೂ ಅಂದಾರೆ.”

ಹೊನ್ನಾಳಿ ತಾಲ್ಲೂಕಿನ ಪುಟ್ಟ ಊರು ಹೊಳೆಬಾಗಿಲು. ಈಗ ಬಿಸಿಯೂಟ ಬೇಯುವ ಈ ಕೋಣೆಯೇ ಒಂದು ಕಾಲಕ್ಕೆ ಇಡೀ ಶಾಲೆ. ಆಗ ಊರೂ ಇಲ್ಲೇ, ತುಂಗಭದ್ರೆಯ ದಂಡೆಯ ಮೇಲಿತ್ತು. ಒಂದು ಮಳೆಗಾಲ ಹೊಳೆ ಮನೆಗಳಿಗೆ ನುಗ್ಗಿತು. ಜನ ದಿಬ್ಬ ಹತ್ತಿ ಅಲ್ಲೇ ಮನೆ ಕಟ್ಟಿಕೊಂಡರು. ಶಾಲೆ ಮಾತ್ರ ಕೆಳಗೇ ಉಳಿಯಿತು. ನೀರು ಎಲ್ಲಿವರೆಗೆ ಬಂದಿತ್ತೆಂದು ಯಾರೋ ಮೊಳೆಯಿಂದ ಕೊರೆದ ಗೆರೆ ಬಾಗಿಲ ಪಕ್ಕದ ಗೋಡೆಯಲ್ಲಿ, ದೊಡ್ಡವರ ಹಣೆಮಟ್ಟಕ್ಕೆ, ಇನ್ನೂ ಇದೆ.

ಅದರ ಕೆಳಗಿನವೆಲ್ಲ ಉಚ್ಚಂಗಮ್ಮ ಎಳೆದ ಗೆರೆಗಳು. ಜಗಳೂರು ಕಡೆಯ ಒಣನೆಲದಿಂದ ಸೊಸೆಯಾಗಿ ಬಂದವರು, ಹೊಳೆ ಕಂಡರೆ ಹೆದರುತ್ತಿದ್ದವರು. ಗಂಡ ತೀರಿಕೊಂಡ ವರ್ಷ ಇಲ್ಲಿ ಸೌಟು ಹಿಡಿದರು. ಇಪ್ಪತ್ತೆರಡು ವರ್ಷವಾಯಿತು. ಆಗ ಎಂಬತ್ತಾರು ಮಕ್ಕಳಿದ್ದರು, ಈಗ ಮೂವತ್ತೊಂದು. ಪ್ರತಿ ಜೂನಿನಲ್ಲಿ ಒಬ್ಬೊಬ್ಬರನ್ನೇ ಗೋಡೆಗೆ ಒರಗಿಸಿ ನಿಲ್ಲಿಸಿ, ನೆತ್ತಿಯ ಮಟ್ಟಕ್ಕೆ ಇದ್ದಿಲಿನ ಗೆರೆ ಎಳೆಯುತ್ತಾರೆ. ಮಾರ್ಚಿನಲ್ಲಿ ಇನ್ನೊಂದು. ಹೆಸರನ್ನು ಮಕ್ಕಳೇ ಬರೆಯುತ್ತಾರೆ. ಒಲೆ ಹೋಗಿ ಗ್ಯಾಸ್ ಬಂದರೂ ಡಬ್ಬಿಯಲ್ಲಿ ಇದ್ದಿಲು ಉಳಿದಿದೆ.

“ನಂಗೆ ಓದಾಕೆ ಬರಲ್ಲ. ಮಾಡಿದ ಊಟ ಮೈಗೆ ಹತ್ತೈತೋ ಇಲ್ಲೋ ಹೆಂಗೆ ಗೊತ್ತಾಗ್ಬೇಕು? ಈ ಗೋಡೆ ಒಂದು ಉಳಿದ್ರೆ ಸಾಕು ನಂಗೆ,” ಎನ್ನುತ್ತಾರೆ ಯಾರಾದರೂ ಕೇಳಿದರೆ.

ಇದೇ ಶಾಲೆಯಲ್ಲಿ ಓದಿದ ಸತೀಶನಿಗೆ ಅವರು ಕೊಡುವ ಉತ್ತರ ಬೇರೆ. “ಬ್ರಷ್ ಅದ್ದೋಕೆ ಮುಂಚೆ ನಿನ್ನ ಹೆಸರು ಹುಡುಕು.”

ಅವನು ಕುಕ್ಕರುಗಾಲಲ್ಲಿ ಕೂತು ಹುಡುಕುತ್ತಾನೆ. ಸಿಗುತ್ತದೆ, ಸೊಂಟಕ್ಕಿಂತ ಕೆಳಗೆ.

“ಇಷ್ಟು ಕುಳ್ಳ ಇದ್ನಾ ನಾನು?”

“ಸಾರಿನಾಗಿನ ತರಕಾರಿ ಎಲ್ಲಾ ಆರಿಸಿ ಎಸಿತಿದ್ದೆ. ಹೆಂಗೆ ಬೆಳಿತೀಯ?”

ಬಕೆಟ್ ಅಲ್ಲೇ ಬಿಟ್ಟು ಹೋದ ಸತೀಶ್, ಮಕ್ಕಳು ಬರುವ ಹೊತ್ತಿಗೆ ಮುಖ್ಯ ಶಿಕ್ಷಕಿ ಕಲ್ಪನಾ ಅವರನ್ನು ಕರೆತರುತ್ತಾನೆ. ಕಳೆದ ವರ್ಷವಷ್ಟೇ ವರ್ಗವಾಗಿ ಬಂದ ಅವರು ಒಂದೊಂದೇ ಹೆಸರು ಓದುತ್ತ ಬಹಳ ಹೊತ್ತು ನಿಲ್ಲುತ್ತಾರೆ.

“ಸಮಾರಂಭಕ್ಕೆ ಬಂದವರನ್ನೆಲ್ಲ ಮೊದಲು ಇಲ್ಲಿಗೇ ಕರ್ಕೊಂಡು ಬರೋಣ. ಮೂರೇ ಗೋಡೆ ಹೊಡೀರಿ,” ಎನ್ನುತ್ತಾರೆ.

ಉಚ್ಚಂಗಮ್ಮ ಮೊರ ಎತ್ತಿಕೊಂಡು ಮತ್ತೆ ಅಕ್ಕಿಗೆ ಕೂರುತ್ತಾರೆ.

ಎರಡನೇ ತರಗತಿಯ ಅಕ್ಷಿತಾ ಮೂರು ದಿನದಿಂದ ಈ ಬಾಗಿಲಿಗೆ ಬಂದು ನಿಲ್ಲುತ್ತಿದ್ದಾಳೆ. ಗೋಡೆ ನೋಡುತ್ತಾಳೆ, ಅಜ್ಜಿಯನ್ನು ನೋಡುತ್ತಾಳೆ, “ಏನವ್ವ?” ಎಂದರೆ ಓಡಿಹೋಗುತ್ತಾಳೆ. ಇವತ್ತು ಓಡುವುದಿಲ್ಲ. ತುದಿಗಾಲಲ್ಲಿ ನಿಂತು ಕೆಳಗಿನಿಂದ ಹೊಳೆಯ ಗೆರೆಯವರೆಗೆ ಬೆರಳಾಡಿಸಿ, ಡಬ್ಬಿಯಿಂದ ಒಂದು ಇದ್ದಿಲು ತೆಗೆದುಕೊಂಡು ಕೇಳುತ್ತಾಳೆ:

“ಅಜ್ಜಿ, ಇದರಾಗೆ ನಿಮ್ಮ ಗೆರೆ ಎಲ್ಲೈತೆ?”