ಏಸಿ ತಣ್ಣಗಾಗದ ಬೇಸಿಗೆ

ಒಬ್ಬ ಮನುಷ್ಯನ ಎಡಗಿವಿಯನ್ನು ನಾನು ಹಾಳು ಮಾಡಿದ್ದೇನೆ. ಅವನು ನಮ್ಮ ಮನೆಯ ಏಸಿ ರಿಪೇರಿಗೆ ಬಂದಿದ್ದ ಮೆಕ್ಯಾನಿಕ್. ಆಗ ನನಗೆ ಮೂವತ್ತೇಳು ವರ್ಷ. ಮಾನ್ವಿಯ ಸರ್ಕಾರಿ ಕಚೇರಿಯೊಂದರಲ್ಲಿ ಗುಮಾಸ್ತ. ರಾಯಚೂರಿನಿಂದ ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಿದ್ದೆ. ಓದಿದವನು, ಮರ್ಯಾದಸ್ಥ ಅಂತ ನಾಲ್ಕು ಜನ ಅನ್ನುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ.

ಆ ವರ್ಷ ಏಪ್ರಿಲ್ ಕೊನೆಗೆ ನನ್ನ ಹೆಂಡತಿಗೆ ರಾಯಚೂರಿನಲ್ಲಿ ಸಿಸೇರಿಯನ್ ಹೆರಿಗೆಯಾಯಿತು. ಹೆಣ್ಣು ಕೂಸು. ಬಾಣಂತನಕ್ಕೆ ಅವಳ ತವರು ಮಾನ್ವಿಗೆ ಕಳಿಸಬೇಕಿತ್ತು. ಅತ್ತೆ ಕರೆದೊಯ್ಯಲು ಬಂದಾಗ ನಾನು ಆಸ್ಪತ್ರೆಯ ವರಾಂಡದಲ್ಲಿ ನಿಂತು, ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿದ್ದೆ: "ನಿಮ್ಮ ಮನಿಯಾಗ ತಗಡಿನ ಮ್ಯಾಲ್ಚಾವಣಿ. ಕೂಸು ಬೆಂದು ಹೋಗತಾದ. ನಮ್ಮ ಮನಿಯಾಗ ಏಸಿ ಅದ." ಅತ್ತೆ ಸೀರೆಯ ಗಂಟನ್ನು ಕಂಕುಳಲ್ಲಿ ಇಟ್ಟುಕೊಂಡು ಒಬ್ಬರೇ ಹೊರಟುಹೋದರು.

ಮೇ ಮೊದಲ ವಾರಕ್ಕೆ ಆ ಏಸಿ ಕೈಕೊಟ್ಟಿತು. ಪೂರ್ತಿ ನಿಂತಿರಲಿಲ್ಲ. ಗಾಳಿ ಬರುತ್ತಿತ್ತು, ತಂಪಿರಲಿಲ್ಲ. ಬೆಳಗಿನ ಹೊತ್ತು ಸ್ವಲ್ಪ ಪರವಾಗಿಲ್ಲ ಅನಿಸುತ್ತಿತ್ತು. ಹನ್ನೊಂದು ದಾಟಿದರೆ ಫ್ಯಾನಿನ ಗಾಳಿಗೂ ಅದರ ಗಾಳಿಗೂ ವ್ಯತ್ಯಾಸ ಇರುತ್ತಿರಲಿಲ್ಲ. ನಾನು ರಿಮೋಟಿನಲ್ಲಿ ಹದಿನಾರಕ್ಕೆ ಇಳಿಸಿದೆ, ಜಾಲರಿ ಬಿಚ್ಚಿ ನಲ್ಲಿಯ ಕೆಳಗೆ ತೊಳೆದೆ, ಕಿಟಕಿಯ ಸಂದಿಗೆ ಹಳೆಯ ಸೀರೆ ತುರುಕಿದೆ. ಏನೂ ಆಗಲಿಲ್ಲ. ಕೂಸಿನ ಕತ್ತು, ಬೆನ್ನು, ತೊಡೆಯ ಸಂದಿಯಲ್ಲೆಲ್ಲ ಬೆವರುಗುಳ್ಳೆ ಎದ್ದವು. ಅದು ಅತ್ತರೆ ಧ್ವನಿ ಹೋಗುವ ತನಕ ಅಳುತ್ತಿತ್ತು. ಹೊಲಿಗೆಯ ನೋವಿನಲ್ಲಿ ಹೆಂಡತಿ ಕೂತಲ್ಲೇ ಅದನ್ನು ತೂಗುತ್ತಿದ್ದಳು. ಒಂದು ದಿನ ಅವಳು ಮೆಲ್ಲಗೆ, "ಅವ್ವನ ಮನಿಗೆ ಹೋಗಿದ್ರ ಚಲೋ ಇರ್ತಿತ್ತೇನೋ" ಅಂದಳು. ನಾನು ಕೈಯಲ್ಲಿದ್ದ ರಿಮೋಟನ್ನು ಗೋಡೆಗೆ ಬೀಸಿ ಒಡೆದೆ. ಅದರ ಚೂರು ಕೂಸಿನ ಹಾಸಿಗೆಯ ಅಂಚಿಗೆ ಬಂದು ಬಿತ್ತು. ಅವಳು ಆ ಚೂರನ್ನು ಹೆಕ್ಕಿ ಕಿಟಕಿಯ ಮೇಲಿಟ್ಟಳು, ನನ್ನ ಕಡೆ ನೋಡಲಿಲ್ಲ.

ಮೆಕ್ಯಾನಿಕನನ್ನು ಹುಡುಕಿ ದೂರ ಹೋಗಬೇಕಾಗಲಿಲ್ಲ. ಅವನ ಊರು ದೇವದುರ್ಗವಾದರೂ ನಮ್ಮ ಬಡಾವಣೆಯ ಹತ್ತಿರವೇ ಅಂಗಡಿ ಇಟ್ಟಿದ್ದ. ಮೂವತ್ತರ ಆಸುಪಾಸು, ಸಣ್ಣ ಮೈ, ಮೆತ್ತನೆಯ ಮಾತು. ಮೊದಲ ಸಲ ಬಂದಾಗ ಒಳಗಿನದನ್ನು ಬಿಚ್ಚಿ ನೀರು ಹೊಡೆದು ತೊಳೆದ. ಆಮೇಲೆ ಮಾಳಿಗೆ ಹತ್ತಿ ಹೊರಗಿನ ಮಷೀನು ನೋಡಿ ಬಂದು, "ಸರ್, ಅದಕ್ಕ ಸುತ್ತಲೂ ತಗಡು ಬಡದೀರಿ. ಬಿಸಿ ಗಾಳಿ ಹೊರಗ ಹೋಗಾಕ ಜಾಗ ಇಲ್ರೀ. ತಗಡು ತೆಗೀರಿ" ಅಂದ.

"ಆಮ್ಯಾಲೆ ನೋಡೋಣು. ಮೊದಲು ಗ್ಯಾಸ್ ನೋಡಪಾ" ಅಂದೆ.

ಆ ತಗಡಿನ ಹಿಂದೆ ಒಂದು ಜಗಳವಿತ್ತು. ಹಿಂದಿನ ಬೇಸಿಗೆಯ ಕೊನೆಯಲ್ಲಿ ನಮ್ಮ ಮಷೀನಿನ ಬಿಸಿಗಾಳಿ ಪಕ್ಕದ ಮನೆಯ ಅಡಿಗೆಮನೆಗೆ ನುಗ್ಗುತ್ತದೆ ಅಂತ ಆ ಮನೆಯ ಯಜಮಾನ ಬಂದು ಕೇಳಿದ್ದರು. ಕೇಳಿದ ರೀತಿ ಸರಿ ಇಲ್ಲ ಅಂತ ನಾನು ಅವರ ಎದೆಗೆ ಕೈ ಹಾಕಿ ದೂಡಿದ್ದೆ. ಅವರು ನನ್ನ ಅಂಗಿ ಹರಿದಿದ್ದರು. ಓಣಿಯ ಹಿರಿಯರು ಕೂತು, ಮಷೀನು ಬೇರೆ ಕಡೆ ಇಡು ಅಂದರು. ಅವರ ಮಾತು ಕೇಳಿ ಜಾಗ ಬದಲಿಸಿದರೆ ಸೋತ ಹಾಗೆ ಅನಿಸಿ, ಅಲ್ಲೇ ಮೂರೂ ಕಡೆ ತಗಡು ನಿಲ್ಲಿಸಿ ಸ್ಕ್ರೂ ಹೊಡೆಸಿದ್ದೆ. ಮುಂದಿನ ತಗಡು ಮಷೀನಿನ ಫ್ಯಾನಿಗೆ ಒಂದು ಗೇಣು ದೂರದಲ್ಲಿತ್ತು. ಅದು ಉಗುಳಿದ ಬಿಸಿಯನ್ನು ಅದೇ ಮತ್ತೆ ನುಂಗಬೇಕಿತ್ತು. ಇದು ತಿಳಿಯದಷ್ಟು ದಡ್ಡ ನಾನಾಗಿರಲಿಲ್ಲ.

ಎರಡನೆಯ ಸಲ ಅವನು ಗ್ಯಾಸ್ ಪರೀಕ್ಷೆ ಮಾಡಿ, ಸ್ವಲ್ಪ ಕಡಿಮೆ ಇದೆ ಅಂತ ತುಂಬಿದ. "ಆದ್ರೂ ಸರ್, ತಗಡು..." ಅಂತ ಶುರುಮಾಡಿದ. ನಾನು ಬಸ್ಸಿಗೆ ಹೊತ್ತಾಯಿತು ಅಂತ ಎದ್ದೆ. ಎರಡು ದಿನ ಮೋಡ ಇದ್ದದ್ದಕ್ಕೋ ಏನೋ, ಕೋಣೆ ತಂಪಾಯಿತು. ಮೂರನೆಯ ದಿನ ಬಿಸಿಲು ಬಿತ್ತು, ಮತ್ತೆ ಅದೇ ಹಾಡು.

ಅದೊಂದು ಭಾನುವಾರ. ಮಧ್ಯಾಹ್ನ ಒಂದು ಗಂಟೆಗೆ ಫೋನ್ ಮಾಡಿ ಅವನನ್ನು ಕರೆಸಿದೆ. ಅವನು ಊಟ ಬಿಟ್ಟು ಬಂದಿದ್ದ. ಒಳಗೆ ಗಾಳಿ ಬರುವ ಬಾಯಿಗೆ ಥರ್ಮಾಮೀಟರ್ ಹಿಡಿದು ನೋಡಿದ, ಮಾಳಿಗೆ ಹತ್ತಿದ. ನಾನೂ ಹಿಂದೆಯೇ ಹತ್ತಿದೆ. ಕಾಲಿಟ್ಟರೆ ಚಪ್ಪಲಿಯೊಳಗೂ ಸುಡುತ್ತಿತ್ತು. ಅವನು ತಗಡಿನೊಳಗೆ ಕೈ ಹಾಕಿ ಥಟ್ಟನೆ ಹಿಂದೆಳೆದುಕೊಂಡ.

"ಒಲಿ ಆಗ್ಯಾದ ನೋಡ್ರಿ ಒಳಗ. ಕಂಪ್ರೆಸರ್ ಕಾದು ಕಾದು ತಾನಾ ಬಂದ್ ಆಗಾಕತ್ತದ. ಮೊದಲನೇ ದಿನಾನೇ ಹೇಳಿದ್ದೆ. ನೀವು ಕೇಳಲಿಲ್ಲ" ಅಂದವನೇ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು ತಗಡಿನ ಎರಡು ಸ್ಕ್ರೂ ಬಿಚ್ಚಿಬಿಟ್ಟ.

ಪಕ್ಕದ ಮನೆಯ ಯಜಮಾನ ತಮ್ಮ ಮಾಳಿಗೆಯ ಮೇಲೆ ಬಟ್ಟೆ ತೆಗೆಯುತ್ತ ನಿಂತಿದ್ದರು. ಅವರು ಕೇಳಿಸಿಕೊಂಡರು ಅನ್ನುವುದೇ ನನ್ನ ತಲೆಗೆ ಏರಿತು.

"ಲೇ, ಯಾರನ್ನ ಕೇಳಿ ಬಿಚ್ಚಾಕತ್ತೀ?" ಅಂದೆ.

"ಇದನ್ನ ಬಿಚ್ಚದ ಬ್ಯಾರೆ ದಾರಿ ಇಲ್ರೀ."

"ಗ್ಯಾಸ್ ಹಾಕಿದಂಗ ಮಾಡಿ ಮೋಸ ಮಾಡೀದಿ. ಈಗ ತಗಡಿನ ಮ್ಯಾಲೆ ಹಾಕ್ತಿ ಏನಲೇ ಕಳ್ಳ?"

ಅವನು ಕೂತವನು ಎದ್ದು ನಿಂತ. "ಕಳ್ಳ ಅನಬ್ಯಾಡ್ರಿ. ತಪ್ಪು ನಿಮ್ದು" ಅಂದ. ಅವನ ಧ್ವನಿ ಏರಿರಲಿಲ್ಲ.

ನನ್ನ ಬಲಗೈ ಅಂಗೈ ಅಗಲಿಸಿ ಅವನ ಎಡಗಿವಿಗೆ ಬಿತ್ತು. ಆ ಸದ್ದು ನನಗೆ ಈಗಲೂ ನೆನಪಿದೆ, ಒದ್ದೆ ಬಟ್ಟೆಯನ್ನು ಕಲ್ಲಿಗೆ ಒಗೆದ ಹಾಗೆ. ಅವನು ಓಲಾಡಿ ತಗಡಿನ ಮೇಲೆಯೇ ಬಿದ್ದ. ಸಡಿಲವಾಗಿದ್ದ ತಗಡಿನ ಅಂಚು ಅವನ ಮುಂಗೈಯನ್ನು ಮೊಣಕೈತನಕ ಸೀಳಿತು. ಅಲ್ಲಿಗೆ ನಿಲ್ಲಿಸಬಹುದಿತ್ತು. ನಾನು ನಿಲ್ಲಿಸಲಿಲ್ಲ. ಬಿದ್ದವನ ಪಕ್ಕೆಗೆ ಒದ್ದೆ, ಮತ್ತೊಮ್ಮೆ ಒದ್ದೆ. ನಿಜ ಹೇಳಬೇಕೆಂದರೆ ಆ ಕ್ಷಣದಲ್ಲಿ ನನಗೆ ಹಿತವೆನಿಸಿತು. ಹದಿನೈದು ದಿನದ ಸೆಕೆ, ಕೂಸಿನ ಅಳು, ಅತ್ತೆಯ ಮುಂದೆ ಆಡಿದ ಮಾತು ಎಲ್ಲ ಆ ಕಾಲಿನಲ್ಲಿತ್ತು.

ಮೂರನೆಯ ಸಲ ಕಾಲೆತ್ತುವಷ್ಟರಲ್ಲಿ ಅವನು ಚೀಲದ ಸ್ಪ್ಯಾನರ್ ಹಿಡಿದು ಬೀಸಿದ. ಅಡ್ಡ ಕೊಟ್ಟ ನನ್ನ ಬಲಗೈ ಮಣಿಕಟ್ಟು ಮುರಿಯಿತು. ನಾನು ಕಿರುಚಿ ಕೂತುಬಿಟ್ಟೆ. ಅವನು ಎಡಗಿವಿ ಹಿಡಿದುಕೊಂಡಿದ್ದ. ಬೆರಳ ಸಂದಿಯಿಂದ ರಕ್ತ ಬರುತ್ತಿತ್ತು. ಕೈಯಿಂದ ಸುರಿದದ್ದು ಮಾಳಿಗೆಯ ಕಾವಿಗೆ ನೋಡನೋಡುತ್ತ ಕಪ್ಪಾಯಿತು.

ಮೆಟ್ಟಿಲ ಬಾಗಿಲಲ್ಲಿ ನನ್ನ ಹೆಂಡತಿ ನಿಂತಿದ್ದಳು, ಎದೆಗೆ ಕೂಸು. ಹೊಟ್ಟೆಯ ಹೊಲಿಗೆ ಹಿಡಿದುಕೊಂಡು ಮೆಟ್ಟಿಲು ಹತ್ತಿದ್ದಳು. "ಯಪ್ಪಾ, ಯಾರಾದ್ರೂ ಬರ್ರಿ!" ಅಂತ ಒಮ್ಮೆ ಕೂಗಿದಳು, ಅಷ್ಟೆ. ಪಕ್ಕದ ಮನೆಯ ಯಜಮಾನ ನಡುವಿನ ಗೋಡೆ ಜಿಗಿದು ಬಂದು, ನನ್ನನ್ನು ದಾಟಿ, ಮೆಕ್ಯಾನಿಕನನ್ನು ಎಬ್ಬಿಸಿ ತಮ್ಮ ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ನಾನು ಮುರಿದ ಕೈ ಹಿಡಿದುಕೊಂಡು ಒಬ್ಬನೇ ಆಟೋ ಹಿಡಿದೆ.

ಸಂಜೆ ಪ್ಲಾಸ್ಟರ್ ಹಾಕಿಸಿಕೊಂಡು ಬಂದಾಗ ಮನೆಯ ಮುಂದೆ ಪೊಲೀಸರು ನಿಂತಿದ್ದರು. ಅವರಿಗೆ ನನ್ನ ಹೆಂಡತಿಯೇ ನಡೆದದ್ದೆಲ್ಲ ಹೇಳಿದ್ದಳು, ಒದ್ದದ್ದನ್ನೂ ಸೇರಿಸಿ. ಅವರು ನನ್ನನ್ನು ಕರೆದೊಯ್ದರು. ಠಾಣೆಯಿಂದ ಮರುದಿನ ಬಂದೆ. ಕೋಣೆಯ ಬಾಗಿಲು ತೆರೆದರೆ ಮುಖಕ್ಕೆ ಚಳಿ ಬಡಿಯಿತು. ಕೂಸು ಕೈ ಚೆಲ್ಲಿ ಮಲಗಿತ್ತು.

"ಪಕ್ಕದ ಮನಿ ಅಕ್ಕಾರು, ನಾನು ಕೂಡಿ ತಗಡು ಕಿತ್ತು ಒಗದ್ವಿ. ಅರ್ಧಾ ತಾಸಿನಾಗ ಖೋಲಿ ತಣ್ಣಗಾತು" ಅಂದಳು. ಬಟ್ಟೆಯ ಗಂಟು ಆಗಲೇ ಕಟ್ಟಿಟ್ಟಿದ್ದಳು. "ಅವ್ವ ಬರಾಕತ್ತಾಳ. ನಾ ಮಾನ್ವಿಗೆ ಹೊಂಟೀನಿ."

"ಅಲ್ಲಿ ಸೆಕಿ..." ಅಂದೆ.

"ಸೆಕಿ ತಡಕೋತೀನಿ" ಅಂದಳು.

ಮೆಕ್ಯಾನಿಕನ ಕಿವಿಯ ತಮಟೆ ಹರಿದಿತ್ತು. ಒಳಗೆ ಕೀವಾಗಿ, ಆಪರೇಷನ್ ಆದರೂ ಕೇಳುವ ಶಕ್ತಿ ಮರಳಲಿಲ್ಲ ಅಂತ ಪಕ್ಕದ ಮನೆಯವರಿಂದ ತಿಳಿಯಿತು. ಅವನು ಅಂಗಡಿ ಮುಚ್ಚಿ ಊರಿಗೆ ಹೋಗಿದ್ದ. ಪ್ಲಾಸ್ಟರ್ ಬಿಚ್ಚಿದ ಮೇಲೆ ನಾನು ದೇವದುರ್ಗಕ್ಕೆ ಹೋದೆ. ಅವನ ತಾಯಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದರು. "ಕುಂದ್ರಪ್ಪಾ" ಅಂತ ತಾಮ್ರದ ತಂಬಿಗೆಯಲ್ಲಿ ನೀರು ಕೊಟ್ಟರು. "ಯವ್ವಾ, ನಿಮ್ಮ ಮಗನ ಕಿವಿಗೆ ಹೊಡದಾಂವ ನಾನರೀ" ಅಂದೆ. ಆಕೆ ನನ್ನ ಕೈಯಲ್ಲಿದ್ದ ತಂಬಿಗೆಯನ್ನು ಕಿತ್ತುಕೊಂಡು ನೀರನ್ನು ನನ್ನ ಕಾಲ ಬುಡಕ್ಕೆ ಸುರಿದರು.

ಮಗ ಹೊರಗೆ ಬಂದ. ನಾನು ಮಾತಾಡಿದೆ. "ಈ ಕಡಿ ಬರ್ರಿ. ಆ ಕಡಿ ಕೇಳಂಗಿಲ್ಲ" ಅಂದ. ನಾನು ಅವನ ಬಲಕ್ಕೆ ಹೋಗಿ ನಿಂತು ಮತ್ತೆ ಹೇಳಿದೆ, "ತಪ್ಪಾತು."

"ಕೇಸ್ ವಾಪಸ್ ತಗೋ ಅನ್ನಾಕ ಬಂದೀರಿ?"

"ಅಲ್ಲ."

ಅವನು ನನ್ನ ಕೆನ್ನೆಗೆ ಹೊಡೆದ. ತುಟಿ ಹಲ್ಲಿಗೆ ಸಿಕ್ಕು ಬಾಯಲ್ಲಿ ಉಪ್ಪುಪ್ಪಾಯಿತು. "ಇದು ಕಿವಿಗಲ್ರೀ. ಕಿವಿಗೆ ಇದು ಸಾಲಂಗಿಲ್ಲ. ಕಳ್ಳ ಅಂದ್ರಲ್ಲ, ಅದಕ್ಕ" ಅಂದ. ನನ್ನ ಮನಸ್ಸು ಹಗುರವಾಯಿತು ಅಂತ ಬರೆದರೆ ಸುಳ್ಳಾಗುತ್ತದೆ. ತಪ್ಪೊಪ್ಪಲು ಹೋದವನ ಎಡಗೈ ತಾನಾಗಿ ಮುಷ್ಟಿಯಾಗಿತ್ತು. ಅದನ್ನು ಬೆನ್ನ ಹಿಂದೆ ಹಿಡಿದುಕೊಂಡೇ ಬಸ್ ನಿಲ್ದಾಣದ ತನಕ ನಡೆದೆ.

ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡೆ, ಶಿಕ್ಷೆಯಾಯಿತು, ಕೆಲ ತಿಂಗಳು ಕೆಲಸದಿಂದ ಅಮಾನತಾದೆ. ಅವನು ಈಗ ಶಕ್ತಿನಗರದಲ್ಲಿ ಯಾರದೋ ಕೈಕೆಳಗೆ ಕೆಲಸ ಮಾಡುತ್ತಾನಂತೆ. ನಾನು ಮತ್ತೆ ಅವನನ್ನು ಕಂಡಿಲ್ಲ. ಮಳೆಗಾಲ ಕಳೆದ ಮೇಲೆ ಹೆಂಡತಿ ಬಂದಳು. ಹೊಸ್ತಿಲಲ್ಲೇ ನಿಂತು, "ನಿಮ್ಮ ಕೈ ಒಂದು ದಿನ ನಮ್ಮ ಕಡಿ ತಿರುಗತಾದ ಅಂತ ನನಗ ಅನಸ್ತದ. ಅಂಥಾ ದಿನ ಬಂದ್ರ ನಾ ಮತ್ತ ತಿರುಗಿ ಬರಂಗಿಲ್ಲ" ಅಂದಳು. ನಾನು ಗಂಟನ್ನು ಒಳಗೆ ತೆಗೆದುಕೊಂಡೆ.

ಆ ದಿನ ಬಂದಿಲ್ಲ. ಮಗಳಿಗೆ ಈಗ ಮೂರು ವರ್ಷ. ಹೋದ ವಾರ ಕರೆಂಟ್ ಹೋದಾಗ ನಾನು ಫೋನಿನಲ್ಲಿ ಯಾರೊಂದಿಗೋ ಜೋರಾಗಿ ಮಾತಾಡುತ್ತಿದ್ದೆ. ಆಟವಾಡುತ್ತಿದ್ದವಳು ಗೊಂಬೆ ಬಿಟ್ಟು ಎದ್ದು ಹೋಗಿ ಅವ್ವನ ಹಿಂದೆ ನಿಂತಳು, ಸೀರೆಯ ಮರೆಯಿಂದ ನನ್ನ ಕೈಯನ್ನೇ ನೋಡುತ್ತ. ಅವಳಿಗೆ ಯಾರೂ ಏನೂ ಹೇಳಿಕೊಟ್ಟಿರಲಿಲ್ಲ. ನಾನು ಫೋನ್ ಇಟ್ಟು ನೆಲದ ಮೇಲೆ ಕೂತೆ. ಅವಳು ನನ್ನ ಹತ್ತಿರ ಬರಲು ಬಹಳ ಹೊತ್ತು ಬೇಕಾಯಿತು.