ಹ್ಯಾನಾ ಅಗೆದ ಮಣ್ಣು

ಗಂಜಿ ಹಾಕಿದ ಬಟ್ಟೆಯ ಮೇಲೆ ಬಿಸಿ ಇಸ್ತ್ರಿಪೆಟ್ಟಿಗೆ ಸರಿದಾಗ ಏಳುವ ವಾಸನೆ ಮೂಗಿಗೆ ಬಿದ್ದರೆ ಸಾಕು, ನಾನು ಮತ್ತೆ ಕೊಲ್ಲಿ ದೇಶದ ಬುಸೈತೀನ್ ಊರಿನ ಆ ಎರಡಂತಸ್ತಿನ ಮನೆಯ ಕೆಳಗಿನ ಕೋಣೆಯಲ್ಲಿರುತ್ತೇನೆ. ನಿಮಗೂ ಅಂಥದೊಂದು ಮನೆ ಇದ್ದಿರಬಹುದು, ಈಗ ಬರೇ ವಾಸನೆಯಾಗಿ ಉಳಿದದ್ದು. ಮೇಲೆ ನಾವು ಬಾಡಿಗೆಗಿದ್ದೆವು: ಗರಾಜಿನಲ್ಲಿ ಕೆಲಸಕ್ಕಿದ್ದ ಅಪ್ಪ, ಅಮ್ಮ, ನಾನು. ಕೆಳಗೆ ಎಡಿತ್ ಮಿಸ್, ಶಾಲೆಯಿಂದ ನಿವೃತ್ತರಾದ ಮೇಲೂ ತಮ್ಮ ದೇಶಕ್ಕೆ ಮರಳದೆ ಉಳಿದ ಇಂಗ್ಲಿಷ್ ಹೆಂಗಸು. ಮೇಜಿನ ಬಟ್ಟೆಗೂ ಕರವಸ್ತ್ರಕ್ಕೂ ತಾವೇ ಗಂಜಿ ಹಾಕಿ ಇಸ್ತ್ರಿ ಮಾಡುತ್ತ, ನನಗೆ ತಮ್ಮ ಮುತ್ತಜ್ಜಿ ಹ್ಯಾನಾಳ ಹಳ್ಳಿಯ ಕತೆ ಹೇಳುತ್ತಿದ್ದರು. ವಿಕ್ಟೋರಿಯಾ ರಾಣಿಯ ಕಾಲದ ಹಳ್ಳಿ ಅದು. ಗುಡ್ಡದ ಬುಡದಲ್ಲಿ ಕಲ್ಲಿನ ಇಗರ್ಜಿ, ಸುತ್ತ ಹುಲ್ಲು ಬೆಳೆದ ಗೋರಿಗಳು, ಪಕ್ಕದಲ್ಲಿ ಪಾದ್ರಿಯ ದೊಡ್ಡ ಮನೆ. ಹುಟ್ಟು, ಮದುವೆ, ಸಾವು ಯಾವುದೂ ಪಾದ್ರಿಯ ದಪ್ಪ ಪುಸ್ತಕದಲ್ಲಿ ಬರೆಯುವ ತನಕ ಆದಂತಲ್ಲ. ಇಗರ್ಜಿಯ ಮುಂದಿನ ಸಾಲು ಜಮೀನುದಾರರಿಗೆ, ಹಿಂದಿನದು ಕೂಲಿಯವರಿಗೆ. ಹ್ಯಾನಾ ಪಾದ್ರಿಯ ಬಿಳಿ ನಿಲುವಂಗಿ ಒಗೆಯುವವಳು.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅಮ್ಮನಿಗೆ ಗಂಡು ಮಗು ಹುಟ್ಟಿತು. ಎರಡು ದಿನ ಬದುಕಿತು. ಅಪ್ಪ ಮತ್ತು ಅವರ ಗೆಳೆಯರು ಅದನ್ನು ಸ್ಮಶಾನದಲ್ಲಿ ಮಣ್ಣು ಮಾಡಿ ಬಂದರು. ಕುಂದಾಪುರದಿಂದ ಅಪ್ಪನ ಅಕ್ಕ ಫೋನ್ ಮಾಡಿದರು. "ಹೆಸರಿಡದ ಮಗು, ಅದಕ್ಕೆ ಎಂತ ಕ್ರಮವೂ ಇಲ್ಲ. ಇನ್ನು ಆ ಸುದ್ದಿ ತೆಗಿಬೇಡಿ." ಅಪ್ಪ ತೊಟ್ಟಿಲನ್ನು ಬಿಚ್ಚಿ ಯಾರಿಗೋ ಕೊಟ್ಟುಬಿಟ್ಟರು. ಅಮ್ಮ ಅಡುಗೆ ಮಾಡಿದಳು, ನನಗೆ ಜಡೆ ಹಾಕಿದಳು. ಎದೆಹಾಲು ಸೋರಿ ಬಟ್ಟೆ ಒದ್ದೆಯಾದರೆ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದಳು.

ಹದಿನೈದು ದಿನಗಳಾದ ಮೇಲೆ ಎಡಿತ್ ಮಿಸ್ ಕೋಲು ಊರಿಕೊಂಡು ನಮ್ಮ ಮೆಟ್ಟಿಲು ಹತ್ತಿ ಬಂದರು. ನನಗೆ ಎಂದೂ ಹೇಳಿರದ ಭಾಗವನ್ನು ಹರಕು ಹಿಂದಿಯಲ್ಲಿ ಅಮ್ಮನಿಗೆ ಹೇಳಿದರು. ಹ್ಯಾನಾಳ ಮಗುವೊಂದು ಹುಟ್ಟಿದ ದಿನವೇ ಸತ್ತಿತ್ತು. ಪಾದ್ರಿ ನೀರು ಹಾಕಿ ಹೆಸರಿಡುವ ದೀಕ್ಷಾಸ್ನಾನ ಆಗಿರಲಿಲ್ಲ. ಇಗರ್ಜಿಯ ಅಂಗಳದಲ್ಲಿ ಜಾಗವಿಲ್ಲ, ಗೋಡೆಯಾಚೆ ಹೂಳಿ, ಗಂಟೆ ಬಾರಿಸುವುದಿಲ್ಲ ಎಂದರು ಪಾದ್ರಿ. ಹ್ಯಾನಾ ಹಸಿ ಬಾಣಂತಿ ಮೈಯಲ್ಲೇ ಎದ್ದು, ಗುದ್ದಲಿ ಹಿಡಿದು, ಹಾಡುಹಗಲು ಅಂಗಳದೊಳಗೇ ತನ್ನ ತಾಯಿಯ ಗೋರಿಯ ಪಕ್ಕದಲ್ಲಿ ಅಗೆಯತೊಡಗಿದಳು. ಪಾದ್ರಿ ಓಡಿ ಬಂದರು. ಆಕೆ ತಲೆಯೆತ್ತಲಿಲ್ಲ. "ನಿಮ್ಮ ಪುಸ್ತಕದಲ್ಲಿ ಬರೆಯುವುದು ಬೇಡ. ಅವಳ ಹೆಸರು ರೋಸ್ ಅಂತ ನನಗೆ ಗೊತ್ತಿದೆ" ಎಂದಳಂತೆ. ಕೂಲಿ ಹೆಂಗಸರು ಒಬ್ಬೊಬ್ಬರಾಗಿ ಬಂದು ಗುಂಡಿಯ ಸುತ್ತ ನಿಂತರು. ಅವರನ್ನು ದಾಟಲಾರದೆ ಪಾದ್ರಿ ಮನೆಗೆ ಹೋದರು. ಮರುವಾರದಿಂದ ಅವರ ನಿಲುವಂಗಿಯನ್ನು ಆ ಹಳ್ಳಿಯಲ್ಲಿ ಯಾರೂ ಒಗೆಯಲಿಲ್ಲ.

ಅಮ್ಮ ಅಷ್ಟು ದಿನಗಳಲ್ಲಿ ಮೊದಲ ಸಲ ಗಟ್ಟಿಯಾಗಿ ಅತ್ತಳು. ಸಂಜೆ ಅಪ್ಪ ಬಂದಾಗ ಬಾಗಿಲಲ್ಲೇ ನಿಂತು ಹೇಳಿದಳು: "ಅವನ ಹೆಸರು ಸುಧಾಕರ. ನಾಳೆ ನನ್ನನ್ನು ಅಲ್ಲಿಗೆ ಕರ್ಕೊಂಡು ಹೋಗಿ. ಇಲ್ಲದಿದ್ರೆ ಟ್ಯಾಕ್ಸಿ ಮಾಡಿ ಹೋಗ್ತೇನೆ."

"ಹೆಂಗಸರು ಅಲ್ಲಿಗೆ ಹೋಗುವ ಕ್ರಮ ಇಲ್ವಲ್ಲ," ಅಪ್ಪ ಮೆಲ್ಲಗೆ ಅಂದರು.

"ಕ್ರಮ ಎಲ್ಲ ನಿಮ್ಮ ಅಕ್ಕನ ಹತ್ರವೇ ಇರಲಿ."

ಮರುದಿನ ಅಪ್ಪ ಕಾರು ತೆಗೆದರು. ಎಡಿತ್ ಮಿಸ್ ಕೇಳದೆಯೇ ಬಂದು ಮುಂದಿನ ಸೀಟಿನಲ್ಲಿ ಕೂತರು. ಸ್ಮಶಾನದ ಬಾಗಿಲಲ್ಲಿ ಯಾರೂ ನಮ್ಮನ್ನು ತಡೆಯಲಿಲ್ಲ. ತಡೆದಿದ್ದರೂ ಅಮ್ಮ ನಿಲ್ಲುತ್ತಿರಲಿಲ್ಲ.

ಮಿಸ್ ಈಗಿಲ್ಲ. ಆ ಮನೆಯನ್ನು ಕೆಡವಿ ಫ್ಲ್ಯಾಟುಗಳನ್ನು ಎಬ್ಬಿಸಿದ್ದಾರೆ. ಅಪ್ಪ ತೀರಿಕೊಂಡಾಗ ಎಲ್ಲರೂ ಅಮ್ಮನಿಗೆ ಊರಿಗೆ ಹೋಗಿ ಇರು ಅಂದರು. ಅವಳು ಹೋಗಲಿಲ್ಲ, ಇದೇ ದೇಶದ ರಿಫಾದಲ್ಲಿ ನನ್ನ ಜೊತೆಗೇ ಇದ್ದಾಳೆ. ಮೊನ್ನೆ ಉಡುಪಿಯಿಂದ ಹೊಸದಾಗಿ ಬಂದ ನೆರೆಯಾಕೆ ಚಹಾ ಕುಡಿಯುತ್ತ ಕೇಳಿದಳು, "ನಿಮಗೆ ಒಬ್ಬಳೇ ಮಗಳಾ ಆಂಟಿ?"

"ಇಬ್ಬರು ಮಕ್ಕಳು," ಅಂದಳು ಅಮ್ಮ. "ಇವಳು ದೊಡ್ಡವಳು. ಸಣ್ಣವನು ಸುಧಾಕರ, ಇಲ್ಲೇ ಮಣ್ಣಲ್ಲಿದ್ದಾನೆ."

ಅಮ್ಮ ಚಕ್ಕುಲಿಯ ತಟ್ಟೆಯನ್ನು ನೆರೆಯಾಕೆಯ ಕಡೆ ಸರಿಸಿ, ಅವನ ಬಗ್ಗೆ ಹೇಳತೊಡಗಿದಳು: ತಲೆತುಂಬ ಕೂದಲಿತ್ತು, ಎರಡೂ ದಿನ ಯಾರೂ ಬಿಡಿಸಲಾಗದಷ್ಟು ಬಿಗಿಯಾಗಿ ಮುಷ್ಟಿ ಹಿಡಿದಿದ್ದ.