ಮೂರನೆಯ ದಿಂಬು

ನಮ್ಮ ಆಸ್ಪತ್ರೆಯಲ್ಲಿ ದಿಂಬಿನ ಕವರು ಬದಲಿಸುವ ಹೆಂಗಸನ್ನು ಎಲ್ಲರೂ ದಿಂಬಮ್ಮ ಎಂದೇ ಕರೆಯುತ್ತಾರೆ. ಇಪ್ಪತ್ತಾರು ವರ್ಷದಿಂದ ಅವರಿಗೆ ಅದೇ ಕೆಲಸ. ನಾನು ಜ್ವರದ ರೋಗಿಗಳ ಸಂಖ್ಯೆಯನ್ನು ಕಂಪ್ಯೂಟರಿಗೆ ತುಂಬುವ ಗುಮಾಸ್ತ. ಸೇರಿದ ಎಂಟೇ ತಿಂಗಳಿಗೆ ಅರ್ಧ ಡಾಕ್ಟರಾಗಿಬಿಟ್ಟಿದ್ದೆ.

ಹೊಸ ಫ್ಲೂ ಬಂದ ವಾರ ನನಗೂ ಮೈ ಬೆಚ್ಚಗಾಯಿತು. ಮನೆಯಲ್ಲಿ ತುಂಬು ಬಸುರಿ ಅಕ್ಕ ಇದ್ದಳು. ಸಂಜೆ ಮನೆಗೆ ಹೋಗಬಹುದೇ ಎಂದು ನನ್ನ ಪಟ್ಟಿಯನ್ನೇ ಕೇಳಿದೆ. ರೋಗಿಗಳು ಅಷ್ಟೇನೂ ಹೆಚ್ಚಿರಲಿಲ್ಲ.

"ಬರೀ ನೆಗಡಿ ಕಣಮ್ಮ, ನಂಬರ್ ನೋಡಿ" ಎಂದು ಪಕ್ಕದಲ್ಲಿ ಕವರು ಮಡಚುತ್ತಿದ್ದ ದಿಂಬಮ್ಮನಿಗೆ ಹೇಳಿದೆ.

"ನಿನ್ನ ನಂಬರ್‌ಗಿಷ್ಟು ಬೆಂಕಿ ಹಾಕ! ಮೂರನೇ ದಿಂಬು ಎಷ್ಟು ಜನ ಕೇಳಿದ್ರು ಅಂತ ಬರ್ಕೊಂಡಿದ್ದೀಯಾ?"

ನಾನು ಪಟ್ಟಿಯನ್ನು ಮೇಲಿಂದ ಕೆಳಗೆ ನೋಡಿದೆ; ಅದರಲ್ಲಿ ದಿಂಬಿನ ಸುದ್ದಿಯೇ ಇರಲಿಲ್ಲ.

"ನೆಗಡಿಯೋರು ಒಂದೇ ದಿಂಬಲ್ಲಿ ಗೊರಕೆ ಹೊಡೀತಾರೆ ಮಗಾ. ಉಸಿರು ಸಿಗದೋರಿಗೆ ಮಲಗೋಕಾಗಲ್ಲ, ಒರಗಿ ಕೂರ್ತಾರೆ. ಮೊನ್ನೆ ಇಬ್ಬರು ಕೇಳಿದ್ರು. ಇವತ್ತು ಒಂಬತ್ತು ಜನ. ಅದ್ರಲ್ಲಿ ಆರು ಜನ ನಿನ್ನ ವಯಸ್ಸಿನೋರೇ."

ಓಡಿಹೋಗಿ ಡಾಕ್ಟರಿಗೆ ಹೇಳಿದೆ. ಅವರು ನಗಲಿಲ್ಲ. ವಾರ್ಡು ಸುತ್ತಿ ಬಂದು, ನನ್ನ ಪಟ್ಟಿಗೆ 'ದಿಂಬು' ಎಂಬ ಹೊಸ ಕಾಲಂ ಸೇರಿಸಿದರು. ಈ ಜ್ವರ ಎಲ್ಲಿಗೆ ಹೋಗಿ ಮುಟ್ಟುತ್ತದೋ ಅವರಿಗೂ ಗೊತ್ತಿರಲಿಲ್ಲ. ಮನೆಗೆ ಬರುವುದಿಲ್ಲ ಎಂದು ಅಕ್ಕನಿಗೆ ಫೋನ್ ಮಾಡಿ, ವಾರ್ಡಿನ ಕೊನೆಯ ಹಾಸಿಗೆ ಹಿಡಿದೆ.

ದಿಂಬಮ್ಮ ಬಂದರು. "ಎಷ್ಟು ಬೇಕಪ್ಪಾ, ಅರ್ಧ ಡಾಕ್ಟ್ರೇ?"

"ಒಂದೇ ಸಾಕು."

"ಬೆಳಿಗ್ಗೆ ಮತ್ತೆ ಕೇಳ್ತೀನಿ" ಎಂದು, ಇನ್ನೆರಡನ್ನು ನನ್ನ ಕಾಲಬಳಿ ಇಟ್ಟು ಹೋದರು.